ಫ್ಲಾಪಿಯ ಹಾಜರಿ

ಮೂವತ್ತು ವರ್ಷ ಮಕ್ಕಳ ಅಂಕಪಟ್ಟಿಯಲ್ಲಿ ‘ಫೇಲ್’ ಎಂದು ಬರೆದ ಕೈ ನನ್ನದು. ಆ ಪದ ನನ್ನ ಕಡೆಗೇ ಮುಖ ಮಾಡಿದಾಗ ನಾನೂ ಹೆದರಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಹಳೆಯ ಕಂಪ್ಯೂಟರು ಒಂದು ಬೆಳಿಗ್ಗೆ ಚಾಲೂ ಆಗುತ್ತಲೇ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ‘ಫ್ಲಾಪಿ ಡಿಸ್ಕ್ ಫೇಲ್’ ಎಂದಿತು. ಅದರ ಕೆಳಗೆ, ಮುಂದುವರಿಯಲು ಎಫ್ ಒನ್ ಒತ್ತಿ ಎಂಬ ಸಾಲೂ ಇತ್ತು. ಹೆದರಿದವರು ಎರಡನೆಯ ಸಾಲು ಓದುವುದಿಲ್ಲ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಎಂದು ಭಾಲ್ಕಿಯ ಶಾಲೆಯಲ್ಲಿ ದಿನಾ ಗಂಟಲು ಹರಿದುಕೊಳ್ಳುವ ನಾನೂ ಓದಲಿಲ್ಲ.

ರಿಪೇರಿಯವರನ್ನು ಕರೆಸಿದೆ. “ಫಾರ್ಮ್ಯಾಟ್ ಹೊಡದ್ರ ಎಲ್ಲಾ ಸಾಫ್ ಆಗ್ತದ್ರಿ ಮೇಡಂ. ಹೊಡೀಲೇನ್ರಿ?” ಎಂದರು. ಅರ್ಥ ಕೇಳಲು ನಾಚಿಕೆಯಾಗಿ, ಬಲ್ಲವಳಂತೆ ತಲೆಯಾಡಿಸಿದೆ. ಮೆಹಕರದ ನನ್ನ ಸೋದರತ್ತೆ ಬೀಸುಕಲ್ಲಿನ ಮುಂದೆ ಕೂತು ಹಾಡಿದ ಕನ್ನಡ, ಮರಾಠಿ ಪದಗಳನ್ನೆಲ್ಲ ಅದರೊಳಗೇ ತುಂಬಿಟ್ಟಿದ್ದೆ. ಒಂದೂ ಉಳಿಯದಂತೆ ಸಾಫಾದವು. ಮರುದಿನ ಬೆಳಿಗ್ಗೆ ಪರದೆಯ ಮೇಲೆ ಮತ್ತೆ ಅದೇ ‘ಫ್ಲಾಪಿ ಡಿಸ್ಕ್ ಫೇಲ್’! ಹಾಡು ಹೋಗಿತ್ತು, ಫೇಲು ಹೋಗಿರಲಿಲ್ಲ. ಅಂದು ಕೂತು ಅತ್ತುಬಿಟ್ಟೆ.

ಅತ್ತ ಮೇಲೆ ಹಟ ಬಂತು. ಅರ್ಥವಾಗದ ಮಾತಿಗೆ ಹೆದರಿ ಇನ್ನೊಮ್ಮೆ ಏನನ್ನೂ ಕಳೆದುಕೊಳ್ಳಬಾರದು. ಪದಗಳನ್ನು ಮತ್ತೆ ಹಾಡಿಸಲು ಅತ್ತೆಯನ್ನು ನೌಬಾದದ ನನ್ನ ಮನೆಗೇ ಕರೆತಂದೆ. ಇತ್ತ ಒಂದು ಹಳೆಯ ಹಾಜರಿ ಪುಸ್ತಕ ತೆರೆದು, ಯಂತ್ರದ ಒಂದೊಂದು ದೂರನ್ನೂ ವಿದ್ಯಾರ್ಥಿಯ ಹೆಸರಿನಂತೆ ಬರೆದುಕೊಂಡೆ. ಬೆಳಿಗ್ಗೆ ಪರದೆಯ ಮೇಲೆ ಬಂದರೆ ಹಾಜರು, ಬರದಿದ್ದರೆ ಗೈರು. ನಮ್ಮಂಥವರಿಗೆ ಗೊತ್ತಿರುವ ಸಂಶೋಧನೆ ಅದೊಂದೇ. ಶಾಲೆಯ ಕಂಪ್ಯೂಟರ್ ಶಿಕ್ಷಕರನ್ನು ಕಾಡಿಸಿ ಒಂದೊಂದರ ಅರ್ಥವನ್ನೂ ಹೊರಡಿಸಿದೆ. ಯಂತ್ರದೊಳಗೆ ಗುಂಡಿಯಷ್ಟು ಸಣ್ಣ ಬ್ಯಾಟರಿಯೊಂದು ಇರುತ್ತದಂತೆ. ಅದು ಸತ್ತರೆ ಯಂತ್ರ ಈಚಿನದನ್ನು ಮರೆತು, ಹುಟ್ಟಿದಾಗಿನ ಬಿಡಿಭಾಗಗಳ ಪಟ್ಟಿಗೆ ಮರಳುತ್ತದೆ. ಹಿಂದೆ ಕಡತ ತುಂಬಿಡುತ್ತಿದ್ದ ಫ್ಲಾಪಿ ಎಂಬ ಚೌಕ ತಟ್ಟೆಯ ಹೆಸರು ಆ ಪಟ್ಟಿಯಲ್ಲಿದೆ. ಅದನ್ನು ಓದುವ ಬಾಯಿಯೇ ಈ ಯಂತ್ರಕ್ಕಿಲ್ಲ. ಎಂದೋ ಟಿ.ಸಿ. ತೆಗೆದುಕೊಂಡು ಹೋದ ಹುಡುಗಿಯ ಹೆಸರನ್ನು ದಿನವೂ ಕೂಗಿದರೆ ಯಾರು ತಾನೆ ಓಗೊಡುತ್ತಾರೆ? ಬ್ಯಾಟರಿ ಬದಲಿಸಿದೆ. ಫ್ಲಾಪಿಯ ಹೆಸರನ್ನು ಮಾತ್ರ ಕೈಯಾರೆ ತೆಗೆಯಬೇಕಂತೆ, ಅದು ಪಟ್ಟಿಯಲ್ಲಿ ಉಳಿದುಕೊಂಡಿತು. ಈಗ ನಗುತ್ತಲೇ ಎಫ್ ಒನ್ ಒತ್ತುತ್ತೇನೆ.

ಈ ಅಭ್ಯಾಸವಾದ ಮೇಲೆ ಅತ್ತೆಯೂ ಅರ್ಥವಾಗತೊಡಗಿದರು. ದಿನಾ ಎಚ್ಚರವಾಗುತ್ತಲೇ, “ಮೊಣಕಾಲ ಹೋದ್ವು. ನಡಾ ಹೋಯ್ತು. ಕಣ್ಣ ಕಾಣಲ್ದು. ಇನ್ನ ನಂದು ಮುಗೀತು ನೋಡವ್ವ” ಎಂದು ಹಾಸಿಗೆಯಲ್ಲೇ ಒಪ್ಪಿಸುತ್ತಾರೆ. ಮೊದಮೊದಲು ಗಾಬರಿಯಾಗಿ ಡಾಕ್ಟರ ಬಳಿ ಓಡಿದ್ದುಂಟು. ಒಪ್ಪಿಸಿ ಮುಗಿದದ್ದೇ ಅತ್ತೆ ಎದ್ದು ಹನ್ನೆರಡು ಜೋಳದ ರೊಟ್ಟಿ ಬಡಿದಿಡುತ್ತಾರೆ! ಮೊಣಕಾಲು, ನಡ, ಕಣ್ಣು ಮೂರನ್ನೂ ಹಾಜರಿ ಪುಸ್ತಕಕ್ಕೆ ಸೇರಿಸಿದೆ. “ಹೌದೇನ್ರಿ ಅತ್ತಿ” ಎಂದರೆ ಆಯಿತು, ಅವರ ದಿನ ಶುರು.

ಕಳೆದ ತಿಂಗಳು ಒಂದು ದಿನ ನನಗೆ ಔರಾದಿನಲ್ಲಿ ತರಬೇತಿಯಿತ್ತು. ಬೆಳಿಗ್ಗೆ ಅತ್ತೆ ಮಂಚದ ಮೇಲೆ ಸೆರಗು ಹೊದ್ದು ಕೂತಿದ್ದರು. “ಜಲ್ದಿ ಹೋಗವ್ವ, ಬಸ್ ತಪ್ತದ” ಎಂದರು, ಅಷ್ಟೇ. ಇಂದು ಆರಾಮಾಗಿದ್ದಾರಲ್ಲ ಎಂದು ಖುಷಿಯಲ್ಲೇ ಚೀಲ ಹೆಗಲಿಗೇರಿಸಿ ಗೇಟಿನವರೆಗೂ ಹೋದೆ. ಅಲ್ಲಿ ಕಾಲು ನಿಂತಿತು. ಮೊಣಕಾಲು ಗೈರು, ನಡ ಗೈರು, ಕಣ್ಣೂ ಗೈರು. ತರಗತಿಯ ಬಾಯಿಬಡುಕರು ಮೂವರೂ ಒಂದೇ ದಿನ ಬರದಿದ್ದರೆ ಯಾವ ಶಿಕ್ಷಕಿ ಸುಮ್ಮನೆ ಪಾಠ ಶುರು ಮಾಡುತ್ತಾಳೆ? ತಿರುಗಿ ಬಂದು ಸೆರಗು ಸರಿಸಿದೆ. ಬಲಗೈ ಮಣಿಕಟ್ಟು ಊದಿಕೊಂಡಿತ್ತು. ನಸುಕಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಎಲುಬು ಮುರಿದಿದೆ ಎಂದರು.

“ದಿನಾ ಅಷ್ಟೆಲ್ಲಾ ಹೇಳ್ತೀರಿ, ಇದ್ನ ಯಾಕ ಹೇಳ್ಲಿಲ್ರಿ ಅತ್ತಿ?” ಎಂದು ರೇಗಿದೆ.

“ಅವು ಬರೀ ಹೇಳೋ ಮಾತವ್ವ. ಇದು ಖರೇ ಬ್ಯಾನಿ. ಹೇಳಿದ್ರ ನೀ ಕೆಲಸ ಬಿಟ್ಟು ಕುಂದರ್ತಿದ್ದಿ.”

ಔರಾದಿನ ಹಾಜರಿಯಲ್ಲಿ ಅಂದು ನನಗೇ ಗೈರು ಬಿತ್ತು. ಬೀಳಲಿ. ಅತ್ತೆಯನ್ನು ನೋವಿನೊಡನೆ ಒಬ್ಬರನ್ನೇ ಬಿಟ್ಟು ಹೋಗಿಬಿಡುತ್ತಿದ್ದೆನಲ್ಲ!

ಫ್ಲಾಪಿಯ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಸುಲಭವೆಂದು ಕಂಪ್ಯೂಟರ್ ಶಿಕ್ಷಕರು ತೋರಿಸಿಕೊಟ್ಟಿದ್ದಾರೆ. ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಇಂದು ಬೆಳಿಗ್ಗೆ ಅದು ಎಂದಿನಂತೆ ಫೇಲಾಯಿತು. ಆಚೆ ಕೋಣೆಯಿಂದ, ಕೈ ಮುರಿದ ಮೇಲೆ ನಿಂತೇಹೋಗಿದ್ದ “ಮೊಣಕಾಲ ಹೋದ್ವು” ಎಂಬ ದನಿ ಬಹಳ ದಿನಗಳ ಮೇಲೆ ಕೇಳಿಸಿತು. ಕಳೆದುಹೋದ ಪದವೊಂದು ಸಿಕ್ಕಷ್ಟು ಸಂತೋಷವಾಗಿ, ಪುಸ್ತಕ ಹಿಡಿದು ಓಡಿ ಅತ್ತೆಯ ಎದುರು ಕುರ್ಚಿಯಲ್ಲಿ ಕೂತೆ. ನಡವೂ ಬಂತು. ಕಣ್ಣು ಬರಲಿಲ್ಲ. ತಡೆಯಲಾರದೆ ನಾನೇ ಹೆಸರು ಕೂಗಿದೆ.

“ಕಣ್ಣು ಹ್ಯಾಂಗವರಿ ಅತ್ತಿ?”

“ಏನೂ ಕಾಣಲ್ದವ್ವ,” ಎಂದರು. “ನಿನ್ನ ಪೆನ್ನಿನ ಕ್ಯಾಪ್ ಕುರ್ಚಿ ಕೆಳಗ ಬಿದ್ದದ, ತಗೋ.”

ಹಾಜರು ಹಾಕಿದೆ.