ಟವಲಿನ ಕೆಳಗೆ ಗೊತ್ತಾದ ದಿನ

ನರಗುಂದದಿಂದ ಬೆಳಗಿನ ಬಸ್ಸಿಗೆ ಹೊರಟು ರೋಣದಲ್ಲಿ ಇಳಿದೆ. ಗಜೇಂದ್ರಗಡದ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ಆ ದಾರಿ ಹಿಡಿಯುವವರು ರೊಟ್ಟಿ ಕಟ್ಟಿಕೊಂಡೇ ಹೊರಡುವುದು ಒಳ್ಳೆಯದು. ಸ್ಟ್ಯಾಂಡಿನ ಮಿರ್ಚಿ ಭಜಿಯಿಂದ ಹೊಟ್ಟೆ ತುಂಬುವುದಿಲ್ಲ. ಸೂಡಿ ದಾಟುವಷ್ಟರಲ್ಲಿ ನನ್ನ ಬಿಳಿ ಅಂಗಿ ಧೂಳಿನ ಬಣ್ಣಕ್ಕೆ ತಿರುಗಿತ್ತು.

ನಾನು ದನದ ಸಂತೆಯ ದಲಾಲಿ. ಓದಿದ್ದು ಕಡಿಮೆ. ಆದರೂ ಹಟ ಹಿಡಿದ ಎರಡು ಕಡೆಯವರನ್ನು ಒಪ್ಪಿಸಬಲ್ಲವನೆಂದು ಗಜೇಂದ್ರಗಡದಲ್ಲಿ ನಡೆದ ಶಿಕ್ಷಕರ ತರಬೇತಿಗೆ ನನ್ನನ್ನು ಕರೆಸಿದ್ದರು. ರಜಾಕಾರರ ಗಲಭೆ ಮುಗಿದು ಕೆಲವು ವರ್ಷಗಳಾಗಿದ್ದರೂ ನಿಜಾಮನ ಸೀಮೆಯ ಗಡಿಯ ಹಳ್ಳಿಗಳಲ್ಲಿ ಮನಸ್ಸು ಕೂಡಿರಲಿಲ್ಲ. ಒಡೆದ ಊರಿನಲ್ಲಿ ಶಾಲೆ ನಡೆಸುವುದು ಹೇಗೆ ಎಂಬುದೇ ಅಲ್ಲಿಯ ಪಾಠ.

ಗಂಗೂಬಾಯಿ ಎಂಬ ಶಾಲೆಯ ಅಕ್ಕಾವರು ತಮ್ಮ ಹಳ್ಳಿಯ ಕಥೆ ಹೇಳಿದರು. ಮನೆಯಲ್ಲಿ ಕೇಳಿದ ಬೈಗುಳವನ್ನು ಮಕ್ಕಳು ಶಾಲೆಯಲ್ಲಿ ಆಡಿದ್ದರು. ಕಲ್ಲು ತೂರಾಟದಲ್ಲಿ ಒಬ್ಬನ ತಲೆ ಒಡೆದಿತ್ತು. ಗೌಡರ ಓಣಿಯವರೂ ಹುಸೇನಸಾಬರ ಓಣಿಯವರೂ ಮಕ್ಕಳನ್ನು ಶಾಲೆ ಬಿಡಿಸಿದ್ದರು.

"ಮೊದಲ ಅವ್ರು ಕಳಸ್ಲಿ ಅಂತ ಇವ್ರು, ಇವ್ರು ಕಳಸ್ಲಿ ಅಂತ ಅವ್ರು. ಹಿಂಗಾದ್ರ ಸಾಲಿ ಮುಚ್ಚತಾರ್ರಿ, ಅಣ್ಣಾರ," ಎಂದರು.

ಯಾರು ಮೊದಲು ಎಂದು ಕೇಳಲೇಬೇಡಿರಿ, ಯಾವ ದಿನ ಎಂದು ಕೇಳಿರಿ ಎಂದೆ.

ಮರುದಿನ ಚಕ್ಕಡಿಯಲ್ಲಿ ಶಿಕ್ಷಕರೆಲ್ಲ ಆ ಹಳ್ಳಿಗೆ ಹೋದೆವು. ಎರಡೂ ಓಣಿಯ ಹಿರಿಯರಾದ ಗೌಡರನ್ನೂ ಹುಸೇನಸಾಬರನ್ನೂ ಶಾಲೆಯ ಕಟ್ಟೆಗೆ ಕರೆಸಿ, ನಡುವೆ ನಾನು ಕುಳಿತು ಟವಲು ಹಾಸಿದೆ. ಸಂತೆಯಲ್ಲಿ ಎತ್ತಿನ ದರ ಕುದುರಿಸುವುದು ಹೀಗೆಯೇ: ಟವಲಿನ ಕೆಳಗೆ ದಲಾಲಿಯ ಬೆರಳು ಒತ್ತಿ ಹೇಳುವುದು. ಯಾರು ಎಷ್ಟು ಬಗ್ಗಿದರು ಎಂಬುದು ದಲಾಲಿಗೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಇನ್ನು ಎಷ್ಟು ದಿನಕ್ಕೆ ಮಕ್ಕಳನ್ನು ಕಳಿಸುತ್ತೀರಿ, ಅಷ್ಟು ಬೆರಳು ಒತ್ತಿರಿ ಎಂದೆ.

ಗೌಡರು ಹುಬ್ಬು ಗಂಟಿಕ್ಕಿದರು. "ಏನಪಾ ದಲಾಲಿ, ನಮ್ಮ ಹುಡುಗರನ್ನ ಎತ್ತು ಅಂತ ತಿಳ್ಕೊಂಡಿ ಏನು?"

"ಎತ್ತಾಗಿದ್ರ ಹೇಳಿದ ಮಾತ ಕೇಳ್ತಿದ್ವು, ಗೌಡ್ರ," ಎಂದರು ಹುಸೇನಸಾಬರು.

ಗಲಭೆಯಾದ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದಂತೆ. ಗೌಡರು ನಗು ತಡೆಯಲು ಮೀಸೆ ತಿರುವಿ, ಟವಲಿನ ಕೆಳಗೆ ಕೈ ಚಾಚಿದರು. ಒಬ್ಬರು ಬೆರಳು ಹೆಚ್ಚಿಸಿದರು, ಇನ್ನೊಬ್ಬರು ಇಳಿಸಿದರು. ಕೊನೆಗೆ ನಾನು ಎದ್ದು, ಸೋಮವಾರ, ಶಾಲೆಯ ಗಂಟೆಗೆ, ಎರಡೂ ಓಣಿ ಎಂದು ಸಾರಿದೆ. ಯಾರು ಸೋತರೆಂದು ಶಿಕ್ಷಕರು ಮರಳುವ ದಾರಿಯುದ್ದಕ್ಕೂ ಕೆದಕಿ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಇಂಥ ಕೆಲಸಕ್ಕೆ ಕೈ ಹಾಕುವವರು ಇದೊಂದನ್ನು ಕಲಿತರೆ ಸಾಕು.

ಸೋಮವಾರ ನಾನು ಮತ್ತೆ ಆ ಹಳ್ಳಿಗೆ ಹೋದೆ. ಗಂಟೆ ಬಾರಿಸಿ ಅಕ್ಕಾವರು ಬಾಗಿಲಲ್ಲಿ ನಿಂತರು. ಓಣಿಗಳಲ್ಲಿ ಯಾರೂ ಕಾಣಲಿಲ್ಲ. ಆಮೇಲೆ ಎರಡೂ ಕಡೆಯಿಂದ ಒಮ್ಮೆಗೇ ಮಕ್ಕಳ ಗದ್ದಲ ಕೇಳಿಸಿತು. ಒಳಗೆ ನುಗ್ಗಿದವರೇ ಕಿಟಕಿಯ ಬಳಿಯ ಜಾಗಕ್ಕೆ ನೂಕಾಡತೊಡಗಿದರು.

"ಬಸ್ಯಾ, ಇಮಾಮ, ಇಬ್ರೂ ಸರೀರಿ. ಕೂಡಾಕ ಜಾಗಾ ಕಡಿಮಿ ಐತೇನು?"

ಅಕ್ಕಾವರ ಬೈಗುಳ ಊರ ಅಗಸಿ ಬಾಗಿಲತನಕ ನನ್ನ ಕಿವಿಗೆ ಬೀಳುತ್ತಿತ್ತು. ಬಸ್ಸು ತಪ್ಪೀತು ಎಂಬ ಅವಸರ ನನಗಿರಲಿಲ್ಲ. ನಿಂತು ಇನ್ನಷ್ಟು ಕೇಳಿದೆ.