ತಾಂಡೇಲರು ತಂದ ಇದ್ದಿಲು

ಮೊನ್ನೆ ಮೊಮ್ಮಗಳು ಸಮುದ್ರದಲ್ಲಿ ಮುಳುಗಿ ಮೀನು ನೋಡಿ ಬರುತ್ತೇನೆಂದು ಹೊರಟಿದ್ದಳು. ಅದಕ್ಕೆಂದು ತರಿಸಿದ ಕನ್ನಡಕವನ್ನೂ ಉಸಿರಾಡುವ ಕೊಳವೆಯನ್ನೂ ನನ್ನ ಮಡಿಲಿಗೆ ಹಾಕಿ, "ಅಜ್ಜಿ, ಹಾಕ್ಕೊಂಡು ನೋಡು" ಅಂದಳು. ಮುಖಕ್ಕೆ ಹಿಡಿದೆ. ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ತಕ್ಷಣ ನೆನಪಾದವರು ತಾಂಡೇಲರು.

ದೋಣಿಯ ಯಜಮಾನನನ್ನು ಕರಾವಳಿಯಲ್ಲಿ ತಾಂಡೇಲ ಅನ್ನುತ್ತಾರೆ. ನಾವೂ ಹಾಗೇ ಕರೆದೆವು, ಹೆಸರು ಯಾರೂ ಕೇಳಲಿಲ್ಲ. ಅರವತ್ತರ ದಶಕದಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿ ನಮ್ಮೂರು ಮುಳುಗಿದ ಮೇಲೆ, ಸಾಗರದ ಕಡೆಯಿಂದ ಹೊಸನಗರದ ಕಡೆಗೆ ಹೆಂಚು, ಮರ, ಜನರನ್ನು ಹಾಯಿದೋಣಿಯಲ್ಲಿ ಸಾಗಿಸಲು ಅವರು ಇಬ್ಬರು ಜೊತೆಗಾರರೊಂದಿಗೆ ಘಟ್ಟ ಹತ್ತಿ ಬಂದಿದ್ದರು. ದೋಣಿಯವರೆಂದರೆ ಬಾಯಿ ಜೋರು ಎಂದುಕೊಂಡಿದ್ದೆ. ಇವರು ನಾವು ಹತ್ತು ಮಾತಾಡಿದರೆ ಒಂದು ಮಾತಾಡುವವರು.

ಊರು ಮುಳುಗುವ ಮುಂಚಿನ ವರ್ಷ ಮದುವೆಯಾಗಿ ಬಂದವಳು ನಾನು. ನಮ್ಮತ್ತೆಗೆ ಒಂದೇ ಕೊರಗು. ಮನೆ ಬಿಡುವಾಗ ಒಲೆಯ ಕೆಂಡವನ್ನು ಹೊಸ ಮನೆಗೆ ಒಯ್ದು, ಹಳೆಯ ಒಲೆಗೆ ಹಾಲೆರೆದು ಆರಿಸಿ ಬರುವುದು ಆ ಮನೆಯ ಪದ್ಧತಿ. ಹೊರಟ ದಿನ ಅತ್ತೆ, ದಿನವೂ ಮಾಡಿದ ಹಾಗೆ, ಕೆಂಡಕ್ಕೆ ಬೂದಿ ಮುಚ್ಚಿ ಲಾರಿ ಹತ್ತಿಬಿಟ್ಟರು. ಕೈಯ ಅಭ್ಯಾಸ... ಮಧ್ಯಾಹ್ನ ಬಂದು ಮತ್ತೆ ಊದಿ ಹೊತ್ತಿಸುವವರ ಹಾಗೆ. ನೆನಪಾದಾಗ ಲಾರಿ ಅರ್ಧ ದಾರಿ ದಾಟಿತ್ತು. ಹೊಸ ಮನೆಯಲ್ಲಿ ಅವರು ಒಲೆ ಮುಟ್ಟಲೇ ಇಲ್ಲ.

"ನಂದು ನೀರಲ್ಲಿ ಹೋಯ್ತು. ಇದು ನಿನ್ ಒಲೆ, ನೀನೇ ನೋಡ್ಕ" ಎಂದು ಜಗಲಿಯಲ್ಲಿ ಕೂತುಬಿಡುತ್ತಿದ್ದರು. ಬಂದವರಿಗೆಲ್ಲ ಬೇಯಿಸಿ ಬಡಿಸಿದ ಹೆಂಗಸು ಹಾಗೆ ಕೂತದ್ದನ್ನು ನೋಡಲಾಗುತ್ತಿರಲಿಲ್ಲ.

ಊರು ಮುಳುಗಿದ ಎರಡನೇ ಬೇಸಿಗೆಯಲ್ಲಿ ನಾದಿನಿಯ ಮನೆಗೆಂದು ಅತ್ತೆಯೂ ನಾನೂ ತಾಂಡೇಲರ ದೋಣಿ ಹತ್ತಿದೆವು. ಗಾಳಿ ಬಿದ್ದುಹೋಗಿತ್ತು. ಊಟದ ಹೊತ್ತಿಗೆ ತಾಂಡೇಲರು ಒಂದು ನಡುಗಡ್ಡೆಗೆ ದೋಣಿ ತಾಗಿಸಿದರು. ಅದು ನಮ್ಮ ಹಳೆಮನೆಯ ಹಿಂದಿನ ಗುಡ್ಡದ ನೆತ್ತಿ. ಅತ್ತೆ ಇಳಿದವರೇ ಗುರುತು ಹಿಡಿದರು.

ಜೊತೆಗಾರರು ಮೂರು ಕಲ್ಲಿಟ್ಟು, ದೋಣಿಯಲ್ಲಿದ್ದ ತೆಂಗಿನ ಕರಟ ಉರಿಸಿ ಗಂಜಿಗಿಟ್ಟರು. ತಾಂಡೇಲರು ತಮ್ಮ ಮುಳುಗುವ ಕನ್ನಡಕ ಹೊರತೆಗೆದರು. ಗಾಜಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ತಾವೇ ಮಾಡಿಕೊಂಡದ್ದು. ಬಾಯಿಗೆ ಪಪ್ಪಾಯಿ ಎಲೆಯ ಟೊಳ್ಳು ದಂಟು. ಮುಖ ಮುಳುಗಿಸಿ, ದಂಟಿನಲ್ಲಿ ಉಸಿರಾಡುತ್ತ ತೇಲಿಕೊಂಡು ನೀರಿನಡಿ ನೋಡುವುದು ಅವರಿಗೊಂದು ಹುಚ್ಚು.

"ತಾಂಡೇಲಣ್ಣ," ಅತ್ತೆ ಕರೆದರು. "ಆ ಒಣಗಿದ ಹಲಸಿನ ಮರದ ಬುಡದಾಗೇ ನಮ್ಮನೆ. ಒಲೆ ಎಂತ ಆಯ್ತು ನೋಡ್ಕಂಡ್ ಬರ್ತೀರಾ? ಒಂದ್ ಚೂರು ಇದ್ದಿಲು ಸಿಕ್ಕಿದ್ರೂ ಸಾಕು."

ಅವರು ಹೋದರು. ದಂಟು ನೀರಿನ ಮೇಲೆ ಸುತ್ತಿತು, ಮುಳುಗಿತು, ಮತ್ತೆ ಎದ್ದಿತು... ಬರಿಗೈಯಲ್ಲಿ ಬಂದರು. ಮಣ್ಣಿನ ಒಲೆ ನೀರಲ್ಲಿ ಉಳಿದೀತೆ? ಅತ್ತೆಯ ಮುಖವನ್ನೊಮ್ಮೆ ನೋಡಿದರು. ಆ ಸುಡುಬಿಸಿಲಲ್ಲಿ ಕೈ ಕಾಯಿಸುವವರಂತೆ ಗಂಜಿಯ ಬೆಂಕಿಯ ಬಳಿ ಕೂತರು. ಬದಿಯಲ್ಲಿ ಆರಿದ್ದ ಇದ್ದಿಲೊಂದನ್ನು ಸೊಂಟಕ್ಕೆ ಸಿಕ್ಕಿಸಿದ್ದು ನನ್ನ ಕಣ್ಣಿಗೆ ಬಿತ್ತು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ಮತ್ತೆ ನೀರಿಗಿಳಿದರು.

ಈ ಸಲ ನನಗೇ ಭಯವಾಗುವಷ್ಟು ಹೊತ್ತು ಮುಳುಗಿದ್ದರು. ಒಂದು ಸುಳ್ಳಿಗೂ ಅಷ್ಟು ಶ್ರಮಪಟ್ಟರಲ್ಲ ಎಂದು ಈಗಲೂ ಮನಸ್ಸು ತುಂಬಿ ಬರುತ್ತದೆ. ಏದುಸಿರು ಬಿಡುತ್ತ ಬಂದು ಅತ್ತೆಯ ಅಂಗೈಗೆ ಇದ್ದಿಲಿಟ್ಟು, "ಒಲೆ ಉಂಟಮ್ಮ. ಬೆಂಕಿ ಚಂದ ಆರಿದೆ" ಅಂದರು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಊರಿಗೆ ಮರಳಿದ ಮೇಲೆ ಬಿಸಿಲಿಗೆ ಒಣಗಿಸಿ, ಹೊಸ ಮನೆಯ ಒಲೆಯಲ್ಲಿಟ್ಟು ತಾವೇ ಊದಿದರು. ಅವತ್ತಿನ ಅಡುಗೆ ಅವರದೇ. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ.

ಮುಂದೆ ಲಾಂಚು ಬಂತು, ಹಾಯಿದೋಣಿ ಯಾರಿಗೂ ಬೇಡವಾಯಿತು. ತಾಂಡೇಲರು ಘಟ್ಟ ಇಳಿದು ಹೋದರಂತೆ... ಯಾವ ಊರಿಗೋ. ಎಷ್ಟೋ ವರ್ಷಗಳ ನಂತರ, ಹಾಸಿಗೆ ಹಿಡಿದಿದ್ದ ಅತ್ತೆ ಇದ್ದಕ್ಕಿದ್ದಂತೆ, "ತಾಂಡೇಲಣ್ಣ ಇದಾನಂತಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

"ಕರಟದ ಇದ್ದಿಲು ತಂದ್ಕೊಟ್ಟಿದ್ದ, ಪುಣ್ಯಾತ್ಮ. ನಮ್ಮನೇಲಿ ಕರಟ ಏನಿದ್ರೂ ಬಚ್ಚಲೊಲೆಗೆ. ಅಡುಗೆ ಒಲೆಗೆ ಯಾವತ್ತೂ ಹಾಕಿದ್ದಿಲ್ಲ."

ಕೈಗೆ ಬಂದ ಕೂಡಲೇ ಅವರಿಗೆ ಗೊತ್ತಾಗಿತ್ತು. ಮತ್ತೆ ಯಾಕೆ ಒಲೆಗಿಟ್ಟಿರಿ ಎಂದೆ.

"ಅಷ್ಟ್ ಹೊತ್ತು ಉಸಿರು ಕಟ್ಕಂಡಿದ್ನಲ್ಲೇ, ನನ್ ಸಲುವಾಗಿ."

ಮೊಮ್ಮಗಳು ಕನ್ನಡಕ ವಾಪಸು ಇಸಿದುಕೊಂಡು ಚೀಲಕ್ಕೆ ತುಂಬಿದಳು. ರಬ್ಬರಿನ ವಾಸನೆ ಕೈಗೆ ಅಂಟಿಕೊಂಡಿತ್ತು. ಅತ್ತೆ ಹೋಗಿ ಬಹಳ ಕಾಲವಾಯಿತು, ತಾಂಡೇಲರೂ ಈಗ ಇರಲಾರರು. ಅತ್ತೆಗೆ ಗೊತ್ತಿತ್ತು, ಗೊತ್ತಿದ್ದೂ ಅದೇ ಇದ್ದಿಲಿನಿಂದ ಒಲೆ ಹಚ್ಚಿದರು ಎಂದು ತಾಂಡೇಲರಿಗೊಮ್ಮೆ ಹೇಳಬೇಕಿತ್ತು. ಹೇಳಲು ಸಿಗಲೇ ಇಲ್ಲ.