ಶ್ಯಾಂಬಲ್ ಎಂದರೆ ಮಾಂಸದ ಮೇಜಿನ ಕಾಲು

ಘಟ್ಟಕ್ಕೆ ಬಂದ ಮರುದಿನವೇ ನನಗೆ ಬಿದ್ದದ್ದು ಬೆತ್ತದೇಟು. ಅದೂ ಮೀನಖಂಡಕ್ಕೆ, ಹಿಂದಿನಿಂದ. ತಿರುಗಿ ನೋಡಿದರೆ ಮ್ಯಾನೇಜರ್. "ಡೋಂಟ್ ಶ್ಯಾಂಬಲ್, ಮ್ಯಾನ್!" ಎಂದು ಗುಡುಗಿ, ಏನೂ ಆಗದವರಂತೆ ಮುಂದೆ ನಡೆದರು. ಇಪ್ಪತ್ತಾರು ವರ್ಷದ ಗಂಡಸಿಗೆ, ಎಸ್ಟೇಟಿನ ರೈಟರ್ ಆಗಿ ಬಂದವನಿಗೆ, ನಡಿಗೆ ಸರಿಯಿಲ್ಲವೆಂದು ಹೊಡೆಯುತ್ತಾರಲ್ಲ! ಏಟಿನಷ್ಟೇ ಆ ಶಬ್ದವೂ ಕಾಡಿತು. ಬಿ.ಎ. ಮಾಡಿದ್ದರೂ ನಾನದನ್ನು ಕೇಳಿರಲಿಲ್ಲ.

ನಾನು ಬಾಗಲಕೋಟೆ ಕಡೆಯವನು. ತೊಂಬತ್ತರ ದಶಕದ ನಡುವೆ ಆಲ್ದೂರಿನ ಹತ್ತಿರದ ಕಾಫಿ ಎಸ್ಟೇಟಿಗೆ ಬಂದೆ. ಇಲ್ಲಿ ರೈಟರ್ ಎಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವ ಗುಮಾಸ್ತ. ನಮ್ಮ ಕಡೆ ನೆಲ ಎಷ್ಟು ಸಪಾಟೆಂದರೆ, ಎದುರಿಂದ ಬರುವವನನ್ನು ಬಯ್ಯಬೇಕೋ ಮಾತಾಡಿಸಬೇಕೋ ಎಂದು ತೀರ್ಮಾನಿಸುವಷ್ಟು ಪುರಸೊತ್ತು ಸಿಗುತ್ತದೆ. ಇಲ್ಲಿ ಹತ್ತು ಹೆಜ್ಜೆಗೆ ಕಾಫಿ ಗಿಡ, ಅದರಾಚೆ ಇಳಿಜಾರು. ಜಾರಿ ಬೀಳುವ ಹೆದರಿಕೆಗೆ ಕಾಲು ಅಗಲಿಸಿ, ತುಂಬು ಬಸುರಿಯ ಹಾಗೆ ನಡೆಯುತ್ತಿದ್ದೆ. ರೊಟ್ಟಿ ತಿಂದ ಬಾಯಿಗೆ ಕಡುಬು ಒಗ್ಗಲಿಲ್ಲ. ಉಂಬಳ, ಅಂದರೆ ಕಾಡಿನ ಜಿಗಣೆ, ರಕ್ತ ಹೀರಿ ಉದುರಿದ ಮೇಲಷ್ಟೇ ಕಚ್ಚಿದ್ದು ತಿಳಿಯುತ್ತಿತ್ತು. ನಮ್ಮ ಕಡೆಯ ಗಡಸು ಮಾತಿನಲ್ಲಿ ನಾನು ಪ್ರೀತಿಯಿಂದ ಕರೆದರೂ ತೋಟದ ಹೆಂಗಸರು ಬೆಚ್ಚಿ, "ಎಂತಕ್ಕೆ ರೈಟ್ರೇ ಜಗಳ?" ಎನ್ನುತ್ತಿದ್ದರು.

ಇಳಿಜಾರಿನಲ್ಲಿ ನಡೆಯಲು ಕಲಿಸಿದವನು ಮಂಜ. ಅವನು ಮರಗಸಿಯವನು, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವವನು. ಮರದಿಂದ ಬಿದ್ದು ಒಂದು ಕಾಲು ಸೊಟ್ಟಗಾದ ಮೇಲೆ ನರ್ಸರಿಯ ಸಸಿಗಳಿಗೆ ನೀರು ಹಾಕುತ್ತಿದ್ದ. "ಹಿಮ್ಮಡಿ ಊರಿ ಮಾರಾಯ್ರೇ, ನೆಲ ನಿಮ್ಮನ್ನ ತಿನ್ನೋದಿಲ್ಲ" ಎಂದು ಕುಂಟುತ್ತಲೇ ಮುಂದೆ ನಡೆದು ತೋರಿಸುತ್ತಿದ್ದ. ಎರಡು ತಿಂಗಳಲ್ಲಿ ಬೀಳದೆ ನಡೆದೆ. ತಮ್ಮನಿಗೆ ಬರೆದ ಕಾಗದದಲ್ಲಿ ಜಂಬದಿಂದ ಹೇಳಿಕೊಂಡ ಮೊದಲ ಸಂಗತಿ ಅದೇ.

ಆ ಶಬ್ದ ಮಾತ್ರ ತಲೆ ಕೊರೆಯುತ್ತಲೇ ಇತ್ತು. ಒಂದು ಭಾನುವಾರ ಆಲ್ದೂರಿನ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರ ಮನೆಗೇ ಹೋಗಿ ಕೇಳಿದೆ. ಅವರು ದಪ್ಪ ನಿಘಂಟು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದರು.

"ಕಾಲೆಳೆದುಕೊಂಡು ಅಡ್ಡಾದಿಡ್ಡಿ ನಡೆಯೋದು ಅಂತ. ಹುಟ್ಟು ಮಾತ್ರ ವಿಚಿತ್ರವಾಗಿದೆ ನೋಡಿ. ಮೂಲ ಲ್ಯಾಟಿನ್, ಸಣ್ಣ ಮಣೆ ಅಂತ ಅರ್ಥ. ಇಂಗ್ಲಿಷಿನವರು ಅದನ್ನ ಸಂತೆಯಲ್ಲಿ ಮಾಂಸ ಮಾರೋ ಮೇಜಿಗೆ ಹೆಸರಾಗಿ ಇಟ್ರು. ಆ ಮೇಜಿನ ಕಾಲು ಹೊರಗೆ ಚಾಚಿರ್ತವೆ. ಸೊಟ್ಟಗಾಲಿನ ನಡಿಗೆಗೆ ಹೆಸರು ಬಂದದ್ದು ಅಲ್ಲಿಂದಲೇ ಇರಬೇಕು ಅಂತಾರೆ. ಅದೇ ಶಬ್ದ ಇನ್ನೊಂದು ದಾರಿಯಲ್ಲಿ ಬೆಳೆದು ಕಸಾಯಿಖಾನೆ ಆಯ್ತು, ರಕ್ತಪಾತ ಆಯ್ತು."

ನಮ್ಮಪ್ಪ ಸಂತೆಯಲ್ಲಿ ಕುರಿ ಕಡಿದು ಮಾರುತ್ತಿದ್ದವನು. ಅವನ ಮೇಜಿನ ಕಾಲುಗಳೂ ಹೊರಗೆ ಚಾಚಿದ್ದವು, ಮಚ್ಚಿನ ಏಟಿಗೆ ಅಲುಗಬಾರದೆಂದು. ಆ ರಕ್ತ ಬೇಡವೆಂದೇ ಅಪ್ಪನೊಡನೆ ಜಗಳವಾಡಿ, ಪೆನ್ನು ಹಿಡಿಯುವ ಕೆಲಸ ಹುಡುಕಿ ಇಷ್ಟು ದೂರ ಬಂದವನು ನಾನು. ಮ್ಯಾನೇಜರಿಗೆ ಇದೊಂದೂ ಗೊತ್ತಿರಲಾರದು. ಆದರೂ ನನ್ನ ಮನೆತನವನ್ನೇ ಬಯ್ದ ಹಾಗೆ ಉರಿದುಕೊಂಡೆ.

ಕೊಯ್ಲು ಶುರುವಾದ ವಾರ. ಬೆಳಿಗ್ಗೆ ಹಾಜರಿಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಮಂಜ ತಡವಾಗಿ, ಕಾಲೆಳೆಯುತ್ತ ಬಂದ. ಮ್ಯಾನೇಜರ್ "ಶ್ಯಾಂಬ್ಲಿಂಗ್ ಈಡಿಯಟ್!" ಎನ್ನುತ್ತ ಆ ಸೊಟ್ಟ ಕಾಲಿಗೇ ಬೆತ್ತ ಬೀಸಿದರು. ಮಂಜ ಕುಸಿದ. ಬಿದ್ದವನಿಗೆ ಮತ್ತೊಂದು. ಮೊಣಕಾಲಿನ ಚರ್ಮ ಒಡೆದು ರಕ್ತ ಮಣ್ಣಿಗಿಳಿಯಿತು.

ಹಾಜರಿ ಪುಸ್ತಕ ಎಸೆದು ಬೆತ್ತ ಕಿತ್ತುಕೊಂಡೆ. "ಕುಂಟಗ ಹೊಡಿತಿಯೇನಲೇ! ತಗೋ, ನೀನೂ ರುಚಿ ನೋಡು!" ಮೊದಲ ಏಟು ಭುಜಕ್ಕೆ, ಎರಡನೆಯದು ಕಿವಿಗೆ. ಮೂರನೆಯದಕ್ಕೆ ಬೆತ್ತ ಮುರಿಯಿತು. ಆಮೇಲೆ ಮುಷ್ಟಿಯಿಂದ ಗುದ್ದಿದೆ. ಅವರ ಹಲ್ಲು ತಾಗಿ ನನ್ನ ಬೆರಳ ಗೆಣ್ಣು ಹರಿಯಿತು. ಆಳುಗಳ ಮೇಸ್ತ್ರಿ ನನ್ನ ಸೊಂಟ ಹಿಡಿದು ಎಳೆಯುವವರೆಗೂ ನಿಲ್ಲಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು.

ನಮ್ಮೂರ ರೀತಿಯಲ್ಲಿ ಅದು ಅಲ್ಲಿಗೆ ಮುಗಿಯಬೇಕಿತ್ತು. ಅಲ್ಲಿ ಹೊಡೆದವನಿಗೆ ತಿರುಗಿ ಹೊಡೆದರೆ, ಸಂಜೆ ಹಿರಿಯರು ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ಚೆನ್ನಾಗಿ ಉಗಿದು, ಚಹಾ ಕುಡಿಸಿ ಕಳಿಸುತ್ತಾರೆ. ಎಂಥ ಬಡವನಾದರೂ ಅವನ ಗುಡಿಸಲು ಅವನದೇ. ಇಲ್ಲಿ ಆಳುಗಳು ವಾಸಿಸುವ ಲೈನ್ ಮನೆಗಳು ಎಸ್ಟೇಟಿನವು, ಮ್ಯಾನೇಜರ್ ಮುನಿದರೆ ಕೆಲಸದ ಜೊತೆ ಮನೆಯೂ ಹೋಗುತ್ತದೆ. ದಿನಾ ಆ ಲೈನಿನ ಮುಂದೆಯೇ ಓಡಾಡಿದರೂ ನನ್ನ ಮಂಡೆಗೆ ಅದು ಹೊಳೆಯಲಿಲ್ಲ. ನನ್ನ ಕೆಲಸ ಹೋಯಿತು, ಅದಕ್ಕೆ ತಯಾರಿದ್ದೆ. ಆದರೆ ಮೂರನೆಯ ದಿನ ಮಂಜನ ಪಾತ್ರೆ, ಚಾಪೆ, ಟ್ರಂಕು ಲೈನಿನ ಹೊರಗೆ ಬಿದ್ದಿದ್ದವು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಪಕ್ಕದಲ್ಲಿ ಕೂತಿದ್ದರು.

ಹತ್ತಿರ ಹೋದೆ. ಅವನು ಕೈಮುಗಿಯುತ್ತಾನೆ ಎಂದುಕೊಂಡಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

"ನಿನ್ನ ಹೊಡದ್ರ ನಾ ಸುಮ್ಕ ನಿಂದರ್ಲೇನೋ ಮಂಜ?" ಎಂದೆ.

"ನನ್ನನ್ನ ಕೇಳಿದ್ರಾ ರೈಟ್ರೇ? ಆ ಎರಡು ಏಟು ತಿಂದ್ಕೊಂಡು ನಾನು ನೀರು ಹಾಕೋಕೆ ಹೋಗ್ತಿದ್ದೆ. ನೀವು ಹೊಡೆದದ್ದು ನನಗೋಸ್ಕರ ಅಲ್ಲ. ಸಿಟ್ಟು ನಿಮ್ಮದು, ಮನೆ ಹೋದದ್ದು ನನ್ನದು."

ನಾನು ಅವರ ಟ್ರಂಕನ್ನು ಹೆಗಲಿಗೇರಿಸಿಕೊಂಡೆ.

ಆಲ್ದೂರಿನಲ್ಲಿ ಮೂರು ಕೋಣೆಯ ಬಾಡಿಗೆ ಮನೆ ಹಿಡಿದೆ. ಎರಡು ಮಂಜನ ಸಂಸಾರಕ್ಕೆ, ಒಂದು ನನಗೆ. ಕಾಫಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮೂಟೆ ಹೊತ್ತೆ. ಮಂಜನ ಕಾಲು ಪೂರ್ತಿ ಕೆಟ್ಟಿತು, ಜಗುಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಾನೆ. ಹೀಗೇ ಹತ್ತು ವರ್ಷವಾಯಿತು. ಊರಿಗೆ ಹೋದರೆ ನನ್ನ ಮಾತು ಕೇಳಿ "ಘಟ್ಟದಾವ ಬಂದ ನೋಡ್ರಿ" ಎಂದು ನಗುತ್ತಾರೆ. ಇಲ್ಲಿ ಬಾಯಿ ತೆರೆದರೆ "ಬಯಲುಸೀಮೆಯವರು, ಸ್ವಲ್ಪ ಹುಷಾರು" ಎಂದು ಪಿಸುಗುಡುತ್ತಾರೆ. ಎರಡೂ ಕಡೆ ನಾನೇ ಹೊರಗಿನವನು.

ಹೋದ ತಿಂಗಳು ತಮ್ಮ ಬಂದಿದ್ದ. "ಅಣ್ಣಾ, ಮನಿ ಕಟ್ಟೀನಿ. ನಿನಗೊಂದು ಖೋಲಿ ಬಿಟ್ಟೀನಿ. ಸಾಕಿನ್ನ, ನಡಿ" ಎಂದ. ಹೋಗಬೇಕೆಂದು ನಿಜವಾಗಿ ಅನಿಸಿತು. ಮಂಜನ ಕಡೆ ನೋಡಿದೆ.

"ಹೋಗಿ ರೈಟ್ರೇ. ನಾವು ಎಲ್ಲಾದ್ರೂ ನೋಡ್ಕೊಳ್ತೇವೆ" ಎಂದ, ಬುಟ್ಟಿಯಿಂದ ತಲೆ ಎತ್ತದೆ.

ಇರಿ ಎಂದು ಮಂಜ ಒಂದೇ ಒಂದು ಮಾತು ಹೇಳಿದ್ದರೆ, ಕ್ಷಮಿಸಿದ, ಋಣ ತೀರಿತು ಎಂದುಕೊಂಡು ತಮ್ಮನ ಜೊತೆ ಬಸ್ಸು ಹತ್ತುತ್ತಿದ್ದೆ. ಹೇಳಲಿಲ್ಲ. ತಮ್ಮನನ್ನು ಒಬ್ಬನೇ ಬಸ್ಸು ಹತ್ತಿಸಿ ಬಂದೆ.